ಅಡ್ಡಗೆರೆಯಿಲ್ಲದ ಏಳು

“ಚಿತ್ರ ಕಳುವಾಗಿದೆ ಅಂತೀರಿ. ಚಿತ್ರ ಇಲ್ಲೇ ಇದೆಯಲ್ಲ ತಾಯಿ, ಗೋಡೆ ಮೇಲೇ!”

ಇನ್‌ಸ್ಪೆಕ್ಟರ್ ಕರವಸ್ತ್ರದೊಳಗೆ ಸೀನಿ ಮೂಗು ಒರೆಸಿಕೊಂಡರು. ಹಳೇ ಪುಸ್ತಕದ ಧೂಳು ಅವರಿಗೆ ಆಗಿಬರುತ್ತಿರಲಿಲ್ಲ. ಈ ಕೋಣೆಯಲ್ಲೋ ನೆಲದಿಂದ ಸೂರಿನವರೆಗೂ ಪುಸ್ತಕವೇ.

“ಇದು ಅದಲ್ಲ,” ಎಂದಳು ತಂಗಿ.

ಅವಳ ಅಣ್ಣ, ಹೆಸರಾಂತ ಅನುವಾದಕರು, ಸೋಮವಾರ ಬೆಳಿಗ್ಗೆ ಇದೇ ಕೋಣೆಯ ಅಟ್ಟದ ಮೆಟ್ಟಿಲಿನಿಂದ ಉರುಳಿ ಬಿದ್ದು ಆಸ್ಪತ್ರೆ ಸೇರಿ ನಾಲ್ಕು ದಿನವಾಗಿತ್ತು. ಅವರಿನ್ನೂ ಕಣ್ಣು ಬಿಟ್ಟಿರಲಿಲ್ಲ. ತಂಗಿ ನಾಲ್ಕು ದಿನದಿಂದಲೂ ಹೇಳುತ್ತಿದ್ದದ್ದು ಇದೊಂದೇ ಮಾತು.

“ಒಂದು ನಿಮಿಷ,” ಎಂದು, ಭೂತಗನ್ನಡಿ ಎಂದೇ ಎಲ್ಲರೂ ಕರೆಯುವ ಹೆಂಗಸು ಕುರ್ಚಿ ಎಳೆದುಕೊಂಡಳು. ಮಂಡಿ ನೋವಿಗೆ ಹಲ್ಲು ಕಚ್ಚಿ ಅದರ ಮೇಲೆ ಹತ್ತಿ, ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿದಳು.

ಊರಿನ ವಸ್ತುಸಂಗ್ರಹಾಲಯದಲ್ಲಿ ಹರಿದ ಕಾಗದಕ್ಕೆ ಮತ್ತೆ ಜೀವ ಕೊಡುವುದು ಅವಳ ಉದ್ಯೋಗ. ಕತ್ತಿನಲ್ಲಿ ಸರ ಇರಬೇಕಾದ ಜಾಗದಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಭೂತಗನ್ನಡಿ ನೇತಾಡುತ್ತಿತ್ತು. ಹಾಗಾಗಿ ಆ ಹೆಸರು ಬಿತ್ತು. ಈಗ ಐವತ್ತೆರಡು ವರ್ಷದ ಅವಳನ್ನು ಕಟ್ಟಿಕೊಂಡ ಗಂಡನೂ ಹಾಗೇ ಕರೆಯುತ್ತಿದ್ದ. ಖೋಟಾ ಸಹಿ, ತಿದ್ದಿದ ಪತ್ರ ಅಂತ ಏನೇ ಬಂದರೂ ಇನ್‌ಸ್ಪೆಕ್ಟರ್ ಮೊದಲು ಬಡಿಯುತ್ತಿದ್ದದ್ದು ಅವಳ ಬಾಗಿಲನ್ನೇ.

ಅವಳು ಚಿತ್ರವನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಮಲಗಿಸಿದಳು. ಹಿಂದಿನ ಮೊಳೆಗಳನ್ನು ಬಿಡಿಸಿ, ಗಾಜು ಸರಿಸಿದಳು. ಕಪ್ಪು ಬಿಳುಪಿನ ಕಲ್ಲಚ್ಚಿನ ಚಿತ್ರ. ಮೇಜಿನ ಮುಂದೆ ಕಿಟಕಿಯತ್ತ ಮುಖ ಮಾಡಿ ಕುಳಿತ ಹುಡುಗಿ. ಮುಖ ಕಾಣುವುದಿಲ್ಲ, ಬೆನ್ನು ಮಾತ್ರ. ಒಂಟಿ ಜಡೆ. ಎದುರಿಗೆ ತೆರೆದ ಪುಸ್ತಕ. ಒಂದು ಕೈ ಗಾಳಿಯಲ್ಲಿ ನಿಂತಿದೆ, ಬಾಯಿಗೆ ಬಾರದ ಪದವನ್ನು ಬೆರಳಿನಿಂದ ಹಿಡಿಯಲು ಹೊರಟಂತೆ. ಚಿತ್ರದ ಕೆಳಗೆ ಎಡಕ್ಕೆ ಪೆನ್ಸಿಲಿನಲ್ಲಿ 17/40. ಬಲಕ್ಕೆ ಓರೆಯಾದ ಒಂದು ಸಹಿ, ಅದರ ಬಾಲಕ್ಕಂಟಿಕೊಂಡು 1987.

“ಯಾರ ಸಹಿ?” ಎಂದರು ಇನ್‌ಸ್ಪೆಕ್ಟರ್.

“ಡಚ್ಚಮ್ಮನದು,” ಎಂದಳು ತಂಗಿ.

ಆ ಡಚ್ ಕಲಾವಿದೆಗೆ ಈ ಮನೆಯಲ್ಲಿ ಅದೇ ಹೆಸರು. ಆಕೆ ಒಂದು ಕೈಯಲ್ಲಿ ಚಿತ್ರ, ಇನ್ನೊಂದು ಕೈಯಲ್ಲಿ ಕಾದಂಬರಿ ಅಂತ ಬದುಕಿ ಹೋದ ಹೆಂಗಸು. ಆಕೆಯ ಐದು ಕಾದಂಬರಿಗಳನ್ನು ನಮ್ಮ ಭಾಷೆಗೆ ತಂದೇ ಅಣ್ಣ ಊರೂರಲ್ಲಿ ಹಾರ ಹಾಕಿಸಿಕೊಂಡಿದ್ದರು. ಅವರ ಪುಸ್ತಕ ಓದಿ ಅತ್ತವರಲ್ಲಿ ಭೂತಗನ್ನಡಿಯೂ ಒಬ್ಬಳು.

ಅವಳು ಕತ್ತಿನ ಗಾಜನ್ನು ಕಣ್ಣಿಗೆ ಹಿಡಿದು ಚಿತ್ರದ ಮೇಲೆ ಬಗ್ಗಿದಳು.

“ಖೋಟಾ ತಾನೇ?” ಇನ್‌ಸ್ಪೆಕ್ಟರಿಗೆ ತಾಳ್ಮೆ ಕಡಿಮೆ.

“ಮೆಷಿನ್ನಲ್ಲಿ ತೆಗೆದ ನಕಲಾಗಿದ್ರೆ ಚುಕ್ಕಿಗಳು ಸಾಲಾಗಿ ನಿಲ್ತವೆ, ಪ್ರಾರ್ಥನೆಗೆ ನಿಂತ ಸ್ಕೂಲ್ ಮಕ್ಕಳ ಹಾಗೆ. ಇಲ್ಲಿ ನೋಡಿ, ಗಂಟೆ ಹೊಡೆದ ಮೇಲಿನ ಮಕ್ಕಳು! ಇದು ಕಲ್ಲಿನ ಮೇಲೆ ಬರೆದು, ಕಾಗದ ಇಟ್ಟು ಒತ್ತಿದ್ದೇ. ನಮ್ಮಪ್ಪ ಕಲ್ಲಚ್ಚಿನ ಪ್ರೆಸ್ಸಲ್ಲಿ ಮೂವತ್ತು ವರ್ಷ ಕಲ್ಲು ಉಜ್ಜಿದೋರು. ಈ ಚುಕ್ಕಿ ನೋಡ್ಕೊಂಡೇ ನಾನು ಬೆಳೆದದ್ದು.”

“ಹಾಗಾದ್ರೆ ಅಸಲಿ.”

“ಅಸಲಿ.”

ತಂಗಿಯ ಮುಖ ಬಾಡಿತು. ಅವಳಿಗೆ ಐವತ್ತೆಂಟು. ಕೈಯಲ್ಲಿ ಸದಾ ಬೀಗದ ಕೈ ಗೊಂಚಲು, ಮೈಯಲ್ಲಿ ಸದಾ ಅವಸರ. ಮದುವೆಯಾಗದೆ ಅಣ್ಣನ ಮನೆ ನೋಡಿಕೊಂಡೇ ತಲೆ ಬೆಳ್ಳಗಾದ ಹೆಂಗಸು. “ನೀವೂ ಪೊಲೀಸರ ಹಾಗೇ ಮಾತಾಡ್ತೀರಲ್ಲ,” ಎಂದಳು. “ಮೂವತ್ತು ವರ್ಷದಿಂದ ಈ ಗಾಜು ಒರೆಸ್ತಾ ಇದೀನಿ ನಾನು. ಹುಡುಗಿ ಎಡಭುಜದ ಮೇಲೆ ಒಂದು ಕಂದು ಕಲೆ ಇತ್ತು. ಸಾಸಿವೆ ಕಾಳಿನಷ್ಟು. ಎಲ್ಲಿ ಹೋಯ್ತು ಅದು? ಕಾಗದದ ಮಚ್ಚೆ ತಾನಾಗೇ ವಾಸಿಯಾಗುತ್ತಾ?”

“ಆಗಲ್ಲ,” ಎಂದಳು ಭೂತಗನ್ನಡಿ. “ಅದಕ್ಕೇ ನೀವು ಹೇಳೋದೂ ನಿಜ.”

“ಅಯ್ಯೋ ದೇವ್ರೇ,” ಎಂದು ಇನ್‌ಸ್ಪೆಕ್ಟರ್ ಮತ್ತೊಮ್ಮೆ ಸೀನಿದರು. “ಇದೂ ನಿಜ ಅದೂ ನಿಜ ಅಂದ್ರೆ ನಾನು ಕಾಗದದಲ್ಲಿ ಏನು ಬರೀಲಿ?”

“ಈ ಇಸವಿ ನೋಡಿ. ಹತ್ತಿರ ಬನ್ನಿ, ಸೀನಬೇಡಿ.”

ಅವರು ಮೂಗು ಹಿಡಿದುಕೊಂಡು ಬಗ್ಗಿದರು. 1987ರ ಏಳಿಗೆ ನಡುವೆ ಒಂದು ಪುಟ್ಟ ಅಡ್ಡಗೆರೆ ಇತ್ತು.

“ಆ ಕಡೆಯವರಲ್ಲಿ ಹಲವರು ಏಳನ್ನ ಹೀಗೇ ಬರೀತಾರೆ, ಸೊಂಟಕ್ಕೆ ಪಟ್ಟಿ ಕಟ್ಟಿ. ಯಾಕಂದ್ರೆ ಅವರ ಒಂದಕ್ಕೆ ತಲೆ ಮೇಲೆ ಉದ್ದ ಕೊಕ್ಕೆ ಇರುತ್ತೆ. ಪಟ್ಟಿ ಇಲ್ಲದಿದ್ರೆ ಒಂದು ಯಾವುದು ಏಳು ಯಾವುದು ಗೊತ್ತಾಗಲ್ಲ. ಈಗ ಎಡಗಡೆ ಹದಿನೇಳು ನೋಡಿ.”

ಇನ್‌ಸ್ಪೆಕ್ಟರ್ ನೋಡಿದರು. ಆ ಏಳಿಗೆ ಅಡ್ಡಗೆರೆ ಇರಲಿಲ್ಲ.

“ಒಂದೇ ಕೈ, ಒಂದೇ ದಿನ, ಒಂದೇ ಪೆನ್ಸಿಲ್. ಒಂದು ಏಳಿಗೆ ಪಟ್ಟಿ ಇದೆ, ಇನ್ನೊಂದಕ್ಕಿಲ್ಲ. ಇದು ಏಳಾಗಿ ಹುಟ್ಟಿದ್ದಲ್ಲ ಸಾರ್. ಒಂದಾಗಿ ಹುಟ್ಟಿದ್ದು. ಕೊಕ್ಕೆಯನ್ನ ಯಾರೋ ಎಳೆದು ನೆಟ್ಟಗೆ ಮಾಡಿದ್ದಾರೆ. ಆ ಎಳೆ ಮಾತ್ರ ಇನ್ನೂ ಮಿರಮಿರ ಅಂತಿದೆ. ಹಳೇ ಪೆನ್ಸಿಲ್ ಮಂಕಾಗಿರುತ್ತೆ.”

“ಅಂದ್ರೆ ಇದು ಹದಿನೇಳಲ್ಲ…”

“ಹನ್ನೊಂದು. ಒಂದೇ ಕಲ್ಲಿನಿಂದ ನಲವತ್ತು ಪ್ರತಿ ತೆಗೆದು, ಪ್ರತಿಯೊಂದಕ್ಕೂ ನಂಬರ್ ಹಾಕಿ ಸಹಿ ಮಾಡಿದ್ದಾರೆ. ಈ ಮನೇದು ಹದಿನೇಳನೇದು. ಅದನ್ನ ಒಯ್ದು, ಹನ್ನೊಂದನೇದನ್ನ ತಿದ್ದಿ ಇಲ್ಲಿ ಸಿಕ್ಕಿಸಿ ಹೋಗಿದ್ದಾರೆ.”

ಇನ್‌ಸ್ಪೆಕ್ಟರ್ ತಲೆ ಕೆರೆದುಕೊಂಡರು. “ಒಂದು ಪ್ರತಿಗಿಂತ ಇನ್ನೊಂದಕ್ಕೆ ಬೆಲೆ ಜಾಸ್ತಿನಾ?”

“ಕೂದಲೆಳೆಯಷ್ಟೂ ಇಲ್ಲ.”

“ಮತ್ತೆ? ಅಷ್ಟೇ ಬೆಲೆಯ ವಸ್ತು ಇಟ್ಟು ಅಷ್ಟೇ ಬೆಲೆಯ ವಸ್ತು ಒಯ್ಯೋ ಕಳ್ಳನಿಗೆ ತಲೆ ನೆಟ್ಟಗಿದೆಯಾ?”

“ಮುಂದುಗಡೆ ಎರಡೂ ಒಂದೇ,” ಎಂದಳು ಭೂತಗನ್ನಡಿ ನಿಧಾನವಾಗಿ. “ಅಂದ್ರೆ ಅವನಿಗೆ ಬೇಕಾದದ್ದು ಹಿಂದುಗಡೆ ಇದ್ದಿರಬೇಕು.”

ಅವಳು ಚಿತ್ರವನ್ನು ಮಗುಚಿದಳು. ಹಿಂಬದಿ ಖಾಲಿ. ನಲವತ್ತರಲ್ಲಿ ಹನ್ನೊಂದನೇ ಪ್ರತಿಯ ಬೆನ್ನಿನ ಮೇಲೆ ಏನೂ ಇರಲಿಲ್ಲ.

“ಹದಿನೇಳರ ಹಿಂದೆ ಏನಿತ್ತು?” ಎಂದು ತಂಗಿಯನ್ನು ಕೇಳಿದಳು.

“ನನಗೇನು ಗೊತ್ತು? ನಾನು ಮುಂದಿನ ಗಾಜು ಒರೆಸೋಳು.” ಬೀಗದ ಕೈಗಳು ಒಂದು ಸಲ ಜಣ್ ಎಂದವು. ಆಮೇಲೆ ಯಾರೂ ಕೇಳದೆಯೇ ಅವಳೇ ಹೇಳಿದಳು: “ಹನ್ನೊಂದನೇದು ಮೇಷ್ಟ್ರ ಮನೇಲಿರುತ್ತೆ. ಅಣ್ಣನ ಸ್ನೇಹಿತರು. ಇಬ್ಬರೂ ಒಟ್ಟಿಗೇ ಡಚ್ಚಮ್ಮನ ಹತ್ರ ಒಂದು ವರ್ಷ ಇದ್ದದ್ದು. ಇಬ್ಬರಿಗೂ ಒಂದೊಂದು ಕೊಟ್ಟಿದ್ರು.”

ಇನ್‌ಸ್ಪೆಕ್ಟರ್ ಭೂತಗನ್ನಡಿಯನ್ನು ಹೊರಗಿನ ಪಡಸಾಲೆಗೆ ಕರೆದುಕೊಂಡು ಹೋದರು. ದನಿ ತಗ್ಗಿಸಿದರು.

“ನಿಮಗೆ ಹೇಳದ ವಿಷಯ ಒಂದಿದೆ. ಸೋಮವಾರ ಹತ್ತೂ ನಲವತ್ತಕ್ಕೆ ಆಂಬುಲೆನ್ಸ್‌ಗೆ ಫೋನ್ ಬಂದಿದೆ. ಗಂಡಸಿನ ದನಿ. ವಿಳಾಸ ಹೇಳಿ, ಹೆಸರು ಕೇಳೋ ಹೊತ್ತಿಗೆ ಇಟ್ಟುಬಿಟ್ಟಿದ್ದಾನೆ. ಈಯಮ್ಮ ಅಂಗಡಿಯಿಂದ ಬಂದಾಗ ಆಂಬುಲೆನ್ಸ್ ಬಾಗಿಲಲ್ಲೇ ಇತ್ತಂತೆ. ಅದಕ್ಕೇ ವಾರ್ಡಿನ ಬಾಗಿಲಿಗೆ ಒಬ್ಬ ಪೊಲೀಸಮ್ಮನ್ನ ಕಾವಲು ಹಾಕಿದ್ದೀನಿ.”

“ಅಂದ್ರೆ ಅವರು ಬಿದ್ದಾಗ ಮನೆಯಲ್ಲಿ ಒಬ್ಬ ಗಂಡಸಿದ್ದ.”

“ಒಬ್ಬ ಮೇಷ್ಟ್ರೇ ಇದ್ದಿರಬಹುದು, ಅಲ್ವಾ?” ಎಂದು ಅವರು ಗಡಿಯಾರ ನೋಡಿಕೊಂಡರು. “ನನಗೆ ಕೋರ್ಟಿದೆ. ಫೋನ್ ಆಫ್ ಮಾಡಿ ಒಳಗೆ ಕೂರಬೇಕು. ನಿಮ್ಮನ್ನ ಅವರ ಮನೆ ಹತ್ರ ಬಿಡ್ತೀನಿ. ಚಿತ್ರ ನೋಡೋ ನೆಪ ಮಾಡಿ. ನೋಡಿ ಬನ್ನಿ ಅಷ್ಟೇ, ಏನೂ ಕೇಳಬೇಡಿ.”

“ಕೇಳಲ್ಲ,” ಎಂದಳು. ತಾನು ಕೇಳೇ ಕೇಳುತ್ತೇನೆಂದು ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಜೀಪಿನಲ್ಲಿ ಕುಳಿತಾಗ ಅವಳಿಗೆ ಹಳೆಯದೊಂದು ನೆನಪಾಯಿತು. ಆರು ವರ್ಷದ ಹಿಂದೆ ಒಂದು ಉಯಿಲನ್ನು ಮುಂದುಗಡೆ ಮಾತ್ರ ನೋಡಿ, “ಖೋಟಾ” ಎಂದು ಕೋರ್ಟಿನಲ್ಲಿ ಹೇಳಿಬಿಟ್ಟಿದ್ದಳು. ಒಬ್ಬ ಗುಮಾಸ್ತ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದ. ಉಯಿಲು ಅಸಲಿಯೇ ಆಗಿತ್ತು. ಬಿಡುಗಡೆಯಾದ ದಿನ ಅವನು ಅವಳ ಮೇಜಿನ ಮುಂದೆ ಬಂದು ನಿಂತು, ಒಂದು ಮಾತೂ ಆಡದೆ ಅವಳ ಮುಖ ನೋಡಿ ಹೋಗಿದ್ದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂದಿನಿಂದ ಹಿಂದುಗಡೆ ನೋಡದೆ ಅವಳು ಯಾವ ಕಾಗದದ ಬಗ್ಗೆಯೂ ಬಾಯಿ ಬಿಟ್ಟವಳಲ್ಲ.

ಮೇಷ್ಟ್ರು ತಾವೇ ಬಾಗಿಲು ತೆರೆದರು.

ಕಾಲೇಜಿನಲ್ಲಿ ಭಾಷೆ ಕಲಿಸಿ ನಿವೃತ್ತರಾದವರು. ಎತ್ತರದ ಆಳು, ಮಾತು ಮೃದು, ಬೆಚ್ಚನೆಯ ಉಣ್ಣೆಯಂಗಿಯ ಮೊಳಕೈಗೆ ತೇಪೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಒಳಗೆ ಬಂದ ಮೇಲೆ ಅವರು ಬಾಗಿಲು ಮುಚ್ಚಿ ಚಿಲಕ ಹಾಕಿದರು.

“ಬೀದಿ ನಾಯಿ ನುಗ್ಗುತ್ತೆ,” ಎಂದರು, ಅವಳು ನೋಡಿದ್ದನ್ನು ಗಮನಿಸಿ.

ಓದುವ ಕೋಣೆಯಲ್ಲಿ ಮೇಜಿನ ಎದುರಿಗೇ ಚಿತ್ರ ತೂಗುಹಾಕಿತ್ತು. ಅದೇ ಬೆನ್ನು, ಅದೇ ಜಡೆ, ಅದೇ ಗಾಳಿಯಲ್ಲಿ ನಿಂತ ಕೈ. ಕೆಳಗೆ 11/40.

“ಅನುವಾದಕರ ಮನೆಯ ಚಿತ್ರ ನೋಡಿ ಬಂದೆ. ಜೋಡಿ ಇಲ್ಲಿದೆ ಅಂದ್ರು. ನೋಡೋ ಆಸೆ ಆಯ್ತು.”

“ನೋಡಿ, ನೋಡಿ. ಚಿತ್ರ ಇರೋದೇ ನೋಡೋಕೆ.” ಅವರ ನಗು ತುಟಿಯಿಂದ ಮೇಲಕ್ಕೆ ಹೋಗಲಿಲ್ಲ. “ಅವನು ಹೇಗಿದ್ದಾನೆ?”

“ಹಾಗೇ ಇದ್ದಾರೆ. ನೀವು ಆಸ್ಪತ್ರೆಗೆ ಹೋಗಿಲ್ವಾ?”

“ನನಗೆ ಆಸ್ಪತ್ರೆ ವಾಸನೆ ಆಗಲ್ಲ.”

ನಲವತ್ತು ವರ್ಷದ ಸ್ನೇಹಿತನಿಗಿಂತ ವಾಸನೆ ದೊಡ್ಡದಾಯಿತೇ ಎಂದು ಅವಳು ಕೇಳಲಿಲ್ಲ. ಗೋಡೆಯ ಬಳಿಗೆ ಹೋದಳು. ಹುಡುಗಿಯ ಎಡಭುಜದ ಮೇಲೆ ಸಾಸಿವೆ ಕಾಳಿನಷ್ಟು ಕಂದು ಕಲೆ.

ಅವಳು ಚೀಲದಿಂದ ಟಾರ್ಚ್ ತೆಗೆದು, ಗೋಡೆಗೆ ಒತ್ತಿ ಹಿಡಿದು, ಬೆಳಕು ಕಾಗದದ ಮೇಲೆ ಓರೆಯಾಗಿ ಹರಿಯುವಂತೆ ಮಾಡಿದಳು. ಓರೆ ಬೆಳಕಿಗೆ ಕಾಗದದ ಏರುತಗ್ಗು ಎಲ್ಲ ಎದ್ದು ಕಾಣುತ್ತದೆ. ಎರಡನೆಯ ಒಂದರ ಸೊಂಟದ ಬಳಿ ಅಕ್ಕಿಕಾಳಿನಷ್ಟು ಜಾಗದಲ್ಲಿ ಕಾಗದದ ನಾರು ಎದ್ದು ನಿಂತಿತ್ತು. ರಬ್ಬರು ಉಜ್ಜಿದ ಗುರುತು.

“ಟಾರ್ಚ್ ಯಾಕೆ?” ಹಿಂದಿನಿಂದ ಬಂದ ದನಿ ತೀರ ಹತ್ತಿರದಲ್ಲಿತ್ತು.

ನೋಡಿ ಬನ್ನಿ ಅಷ್ಟೇ ಎಂದಿದ್ದರು ಇನ್‌ಸ್ಪೆಕ್ಟರ್. ಅವಳು ತಿರುಗಿದಳು.

“ಮೇಷ್ಟ್ರೇ, ಏಳಿನ ಅಡ್ಡಗೆರೆ ಇಲ್ಲಿ ಅಳಿಸಿದ್ರಿ. ಅಲ್ಲಿ ಹಾಕೋದು ಮರೆತುಬಿಟ್ರಿ.”

ಅವರ ಕಣ್ಣು ಚಿತ್ರದ ಕೆಳಗಿನ ಅಂಕಿಯತ್ತ ಹೋಯಿತು.

“ಇದು ಹದಿನೇಳನೇ ಪ್ರತಿ. ಅವರದ್ದು.”

“ಇದು ನನ್ನ ಗೋಡೆ,” ಎಂದರು ಮೇಷ್ಟ್ರು. “ನನ್ನ ಚಿತ್ರ. ನೀವಿನ್ನು ಹೊರಡಬಹುದು.”

“ಹೊರಡ್ತೀನಿ. ಇದರ ಬೆನ್ನು ನೋಡಿ ಹೊರಡ್ತೀನಿ.”

“ನೋಡದಿದ್ರೆ?”

“ನೋಡದಿದ್ರೆ ಇನ್‌ಸ್ಪೆಕ್ಟರಿಗೆ ಮುಂದುಗಡೆ ಕಂಡಷ್ಟನ್ನೇ ಹೇಳಬೇಕಾಗುತ್ತೆ. ಮುಂದುಗಡೆ ಕಾಣೋದು ಏನು ಗೊತ್ತಾ? ಸ್ನೇಹಿತನ ಮನೆಗೆ ನುಗ್ಗಿ, ಚಿತ್ರ ಬದಲಾಯಿಸಿ, ಅಡ್ಡ ಬಂದವನನ್ನ ಮೆಟ್ಟಿಲಿಂದ ತಳ್ಳಿ, ಆಮೇಲೆ ಹೆದರಿ ಆಂಬುಲೆನ್ಸ್‌ಗೆ ಫೋನ್ ಮಾಡಿದ ಒಬ್ಬ ಮೇಷ್ಟ್ರು.”

ಮೇಷ್ಟ್ರ ಕೈ ಮೇಜಿನ ಮೇಲೆ ಸರಿಯಿತು. ಅಲ್ಲಿ ಕಾಗದ ಕತ್ತರಿಸುವ ಉದ್ದನೆಯ ಹಿತ್ತಾಳೆ ಚೂರಿ ಇತ್ತು. ಅವರು ಅದನ್ನು ಎತ್ತಿಕೊಂಡರು.

ಭೂತಗನ್ನಡಿ ಕೋಣೆಯ ಬಾಗಿಲತ್ತ ನೋಡಿದಳು. ಬಾಗಿಲಿಗೆ ಎಷ್ಟು ಹೆಜ್ಜೆ? ಹಾಕಿದ ಚಿಲಕ ಬೇರೆ. ತನ್ನ ಮಂಡಿಯ ಯೋಗ್ಯತೆಗೆ ಓಡುವ ಮಾತು ದೂರ. ಟಾರ್ಚನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

ಮೇಷ್ಟ್ರು ಅವಳನ್ನು ಬಳಸಿಕೊಂಡು ಗೋಡೆಯ ಹತ್ತಿರ ಹೋದರು. ಚಿತ್ರ ಇಳಿಸಿ, ಮೇಜಿನ ಮೇಲೆ ಬೋರಲು ಹಾಕಿ, ಚೂರಿಯ ತುದಿಯಿಂದ ಹಿಂದಿನ ಕಂದು ಕಾಗದವನ್ನು ಉದ್ದಕ್ಕೂ ಸೀಳಿದರು.

“ಓದಿಕೊಳ್ಳಿ,” ಎಂದು ಚೂರಿಯನ್ನು ಬಿಸಾಡಿ ಕುರ್ಚಿಯಲ್ಲಿ ಕುಸಿದರು.

ಚಿತ್ರದ ಬೆನ್ನ ತುಂಬ ಪೆನ್ಸಿಲಿನ ಬರಹ. ಓರೆ ಅಕ್ಷರ, ಅವಳಿಗೆ ಬಾರದ ಭಾಷೆ. ಮೇಲ್ಗಡೆ ಒಂದೇ ಒಂದು ಪದ ಮಾತ್ರ ನಮ್ಮ ಲಿಪಿಯಲ್ಲಿತ್ತು. ಹೊಸದಾಗಿ ಅಕ್ಷರ ಕಲಿತ ಮಗು ತಿದ್ದಿದ ಹಾಗೆ, ದಪ್ಪಗೆ, ಸೊಟ್ಟಗೆ: ಗುಬ್ಬಚ್ಚಿಗೆ.

“ಗುಬ್ಬಚ್ಚಿ ಯಾರು?”

“ಇನ್ಯಾರು? ಅವನ ತಂಗಿ. ಚಿಕ್ಕವಳಿದ್ದಾಗಿಂದ ಹಾಗೇ ಕರೆಯೋದು.”

ಭೂತಗನ್ನಡಿ ಚಿತ್ರವನ್ನು ಮೆಲ್ಲಗೆ ತಿರುಗಿಸಿ, ಆ ಜಡೆಯನ್ನು, ಆ ಬೆನ್ನನ್ನು ಮತ್ತೊಮ್ಮೆ ನೋಡಿದಳು. ಸದಾ ಅವಸರದಲ್ಲಿರುವ ಆ ಹೆಂಗಸು ಯಾವತ್ತೋ ಒಮ್ಮೆ ಹೀಗೆ ಕಾಲ ಮರೆತು ಕುಳಿತಿದ್ದಳು.

“ಏನು ಬರೆದಿದ್ದಾರೆ, ಓದಿ ಹೇಳಿ.”

ಮೇಷ್ಟ್ರು ಕಾಗದವನ್ನು ನೋಡಲೇ ಇಲ್ಲ. ಎಷ್ಟು ಸಲ ಓದಿದ್ದರೋ, ಬಾಯಿಪಾಠವಾಗಿತ್ತು.

“‘ನಿನ್ನಣ್ಣ ನನ್ನ ಪುಸ್ತಕವನ್ನು ನಿಘಂಟಿನಲ್ಲಿ ಹುಡುಕುತ್ತಾನೆ. ನೀನು ಅದನ್ನು ನನ್ನ ಅಡುಗೆಮನೆಯಲ್ಲಿ ಕೇಳಿಸಿಕೊಂಡೆ. ಮೂರು ಪುಸ್ತಕಗಳನ್ನು ನಿನ್ನ ಭಾಷೆಯಲ್ಲಿ ನೀನು ಬರೆದು ಮುಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವುಗಳ ಮೇಲೆ ನಿನ್ನ ಹೆಸರೇ ಬರಬೇಕು. ಉಳಿದ ಪುಸ್ತಕಗಳನ್ನೂ ನಿನಗೇ ಕೊಡುತ್ತೇನೆ, ಬೇರೆಯವರಿಗಲ್ಲ.’ ಅಷ್ಟೇ. ಕೆಳಗೆ ಸಹಿ.”

ಭೂತಗನ್ನಡಿಗೆ ತಾನು ಓದಿ ಅತ್ತ ಪುಟಗಳು ನೆನಪಾದವು. ಮುಖಪುಟದ ಮೇಲಿನ ಹೆಸರು ನೆನಪಾಯಿತು.

“ನಾವಿಬ್ಬರೂ ಸ್ಕಾಲರ್‌ಶಿಪ್ ಮೇಲೆ ಹೋದದ್ದು,” ಎಂದರು ಮೇಷ್ಟ್ರು. “ಅವಳು ಬಂದದ್ದು ಅಣ್ಣನಿಗೆ ಅಡುಗೆ ಮಾಡಿ ಹಾಕೋಕೆ. ನಾವು ವ್ಯಾಕರಣ ಉರು ಹೊಡೀತಾ ಕೂತ್ವಿ. ಅವಳು ಮಾರ್ಕೆಟ್ಟಿಗೆ ಹೋಗಿ, ಡಚ್ಚಮ್ಮನ ಜೊತೆ ಕಲ್ಲು ತೊಳೀತಾ, ಆರು ತಿಂಗಳಲ್ಲಿ ಮಾತಾಡ್ತಾ ಇದ್ದಳು. ಜಗಳ ಕೂಡ ಆ ಭಾಷೇಲೇ ಆಡೋಳು! ಮೂರು ಪುಸ್ತಕ ಅಲ್ಲೇ ಬರೆದು ಮುಗಿಸಿದಳು, ಉಳಿದೆರಡು ವಾಪಸ್ ಬಂದ ಮೇಲೆ. ಅವಳು ಬರೆಯೋಳು, ಇವನು ಕಾಗುಣಿತ ತಿದ್ದಿ ಪ್ರೆಸ್ಸಿಗೆ ಕೊಡೋನು. ಮೊದಲನೇ ಪುಸ್ತಕದ ಮೇಲೆ ತನ್ನ ಹೆಸರು ಬಂದಾಗ, ‘ಹೆಂಗಸಿನ ಹೆಸರು ಯಾರು ನೋಡ್ತಾರೆ, ಮುಂದಿನದಕ್ಕೆ ನಿನ್ನದೇ ಹಾಕೋಣ’ ಅಂದ. ಅವಳ ಹೆಸರಿರೋ ಆ ಮುಂದಿನದು ಬರಲೇ ಇಲ್ಲ.”

“ನಿಮಗೆಲ್ಲ ಗೊತ್ತಿತ್ತು.”

“ಗೊತ್ತಿತ್ತು. ಐದಕ್ಕೂ ಮುನ್ನುಡಿ ಬರೆದವನು ನಾನೇ.” ಅವರು ಕಣ್ಣು ಮುಚ್ಚಿಕೊಂಡರು. “ಹೊಗಳಿ ಹೊಗಳಿ ಬರೆದೆ. ಅವನನ್ನು.”

“ಈಗ ಯಾಕೆ ಅದಲು ಬದಲು?”

“ಬರೋ ತಿಂಗಳು ಡಚ್ಚಮ್ಮನ ಊರಿನ ಮ್ಯೂಸಿಯಂನೋರು ಬರ್ತಿದ್ದಾರೆ. ನಲವತ್ತು ಪ್ರತಿಗಳೂ ಎಲ್ಲೆಲ್ಲಿವೆ ಅಂತ ಹುಡುಕಿ, ಹಿಂದೂ ಮುಂದೂ ಫೋಟೋ ತೆಗೀತಾರಂತೆ. ಅವನಿಗೆ ಕಾಗದ ಬಂತು. ಅವತ್ತೇ ನನ್ನ ಹತ್ರ ಓಡಿಬಂದ. ‘ನಿನ್ನದು ನನಗೆ ಕೊಡು, ನಂದು ನೀನು ಇಟ್ಕೊ. ಹಿಂದೆ ಇರೋದನ್ನ ಉಜ್ಜಿ ಹಾಕಿಬಿಡು, ನನ್ನ ಕೈಲಾಗಲ್ಲ’ ಅಂದ. ಶನಿವಾರ ಅವಳು ಮನೇಲಿಲ್ಲದಾಗ ಬದಲಾಯಿಸಿದ್ವಿ. ನಂಬರ್ ತಿದ್ದಿದ್ದು ನಾನು.”

“ಬೆನ್ನು ಮಾತ್ರ ಉಜ್ಜಲಿಲ್ಲ.”

“ಎರಡು ರಾತ್ರಿ ರಬ್ಬರು ಹಿಡಿದು ಕೂತೆ. ಒಂದಕ್ಷರಾನೂ ಮುಟ್ಟೋಕಾಗಲಿಲ್ಲ. ಆ ಸೊಟ್ಟ ‘ಗುಬ್ಬಚ್ಚಿಗೆ’ ಇದೆಯಲ್ಲ… ಅದನ್ನ ಡಚ್ಚಮ್ಮನಿಗೆ ಬರೆಯೋಕೆ ಕಲಿಸಿದೋನು ನಾನು.” ಅವರು ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. “ಸೋಮವಾರ ಬೆಳಿಗ್ಗೆ ವಾಪಸ್ ಕೊಟ್ಟುಬಿಡೋಣ ಅಂತ ಹೋದೆ. ಹತ್ತೂವರೆ ಇರಬಹುದು. ಬಾಗಿಲು ತೆರೆದಿತ್ತು.”

“ಅವರು?”

“ಬಿದ್ದಿದ್ದ. ಮೆಟ್ಟಿಲ ಕೆಳಗೆ. ತಲೆಯಿಂದ ರಕ್ತ. ಉಸಿರಾಡ್ತಾ ಇದ್ದ, ಗೊರ ಗೊರ ಅಂತ. ಅವಳು ಮೂರನೇ ಮೆಟ್ಟಿಲ ಮೇಲೆ ಕೂತಿದ್ದಳು.”

ಭೂತಗನ್ನಡಿ ಅವರನ್ನೇ ದಿಟ್ಟಿಸಿದಳು. “ತಂಗಿ ಅಂಗಡಿಗೆ ಹೋಗಿದ್ದರಂತಲ್ಲ?”

“ಮೂರನೇ ಮೆಟ್ಟಿಲ ಮೇಲೆ ಕೂತಿದ್ದಳು. ಮಂಡಿ ಮೇಲೆ ಕೈಯಿಟ್ಟುಕೊಂಡು, ಬಸ್ಸಿಗೆ ಕಾಯೋರ ಹಾಗೆ. ನನ್ನ ನೋಡಿ ಎದ್ದೂ ನಿಲ್ಲಲಿಲ್ಲ, ಅಳಲೂ ಇಲ್ಲ. ‘ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಅವಸರ ಏನಿಲ್ಲ’ ಅಂದಳು.”

ಬೀದಿಯಲ್ಲಿ ಯಾವುದೋ ವಾಹನ ಹಾರನ್ ಹೊಡೆಯಿತು. ಭೂತಗನ್ನಡಿ ಬೆಚ್ಚಿದಳು.

“ತಳ್ಳಿದಳು ಅಂತೀರಾ?”

“ತಳ್ಳಿದ್ದನ್ನ ನಾನು ನೋಡಿಲ್ಲ. ಕಾಯ್ತಾ ಇದ್ದದ್ದನ್ನ ನೋಡಿದೆ.”

“ನೀವೇನು ಮಾಡಿದ್ರಿ?”

“ಓಡಿದೆ. ಚಿತ್ರ ಕಂಕುಳಲ್ಲಿ ಇಟ್ಕೊಂಡು ಕಾಲಿಗೆ ಬುದ್ಧಿ ಹೇಳಿದೆ. ಬೀದಿ ಕೊನೆಯ ಅಂಗಡಿಯಿಂದ ಫೋನ್ ಮಾಡಿದೆ. ಹೆಸರು ಹೇಳೋ ಧೈರ್ಯ ಬರಲಿಲ್ಲ.”

ಅವರ ಕಣ್ಣಲ್ಲಿ ನೀರಿತ್ತು. ನೀರೇನೋ ನಿಜದ್ದೇ. ಮಾತು? ಅಕ್ಷರವಾದರೆ ಅವಳು ಗಾಜು ಹಿಡಿದು ನೋಡುತ್ತಿದ್ದಳು, ಎಲ್ಲಿ ಉಜ್ಜಿದ್ದಾರೆ, ಎಲ್ಲಿ ಹೊಸ ಗೆರೆ ಎಳೆದಿದ್ದಾರೆ ಎಂದು. ಮನುಷ್ಯನ ಮಾತಿನ ಮೇಲೆ ಯಾವ ಬೆಳಕನ್ನು ಓರೆಯಾಗಿ ಬಿಡುವುದು? ಜೈಲಿನಿಂದ ಬಿಡುಗಡೆಯಾಗಿ ಬಂದು ತನ್ನ ಮೇಜಿನ ಮುಂದೆ ನಿಂತಿದ್ದ ಆ ಗುಮಾಸ್ತನ ಮುಖ ಅವಳ ಕಣ್ಣ ಮುಂದೆ ಬಂತು. ಯಾರ ಪರವಾಗಿಯೂ ತೀರ್ಪು ಹೇಳುವ ಧೈರ್ಯ ಅವಳಿಗಿರಲಿಲ್ಲ.

“ಇದನ್ನೆಲ್ಲ ಇನ್‌ಸ್ಪೆಕ್ಟರ ಮುಂದೆ ಹೇಳ್ತೀರಾ?”

“ಹೇಳ್ತೀನಿ. ಆದ್ರೆ ಅವಳ ಮುಂದೆ ಹೇಳು ಅನ್ನಬೇಡಿ.”

ಮೇಷ್ಟ್ರ ಜೇಬಿನಲ್ಲಿ ಮೊಬೈಲ್ ಒಮ್ಮೆ ಗುಂಯ್ ಎಂದಿತು. ಅಷ್ಟರಲ್ಲಿ ಅವಳ ಚೀಲದೊಳಗೂ ಫೋನ್ ಹೊಡೆದುಕೊಂಡಿತು. ತೆಗೆದು ನೋಡಿದಳು. ತಂಗಿಯ ನಂಬರು. ಅವಳು ಕಿಟಕಿಯ ಬಳಿಗೆ ಹೋಗಿ, ಮೇಷ್ಟ್ರಿಗೆ ಬೆನ್ನು ಮಾಡಿ, ಕಿವಿಗೆ ಹಿಡಿದಳು.

“ಸಿಕ್ತಾ?” ಎಂದಳು ತಂಗಿ.

“ಏನು?”

“ಚಿತ್ರ. ಮೇಷ್ಟ್ರ ಮನೇಲೇ ಇರುತ್ತೆ ಅಂತ ನನಗೆ ಗೊತ್ತಿತ್ತು. ಹಿಂದೆ ಇರೋದನ್ನ ಅಳಿಸಿಲ್ಲ ತಾನೇ?”

ಮುಂದಿನ ಗಾಜು ಒರೆಸೋಳು ಎಂದಿದ್ದ ಹೆಂಗಸು! ಭೂತಗನ್ನಡಿ ದನಿ ತಗ್ಗಿಸಿದಳು. “ಇಲ್ಲ. ಹಾಗೇ ಇದೆ. ನೀವೆಲ್ಲಿದ್ದೀರಿ?”

“ಆಸ್ಪತ್ರೇಲಿ.” ಆ ಕಡೆಯ ದನಿಯಲ್ಲಿ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು. “ಅಣ್ಣ ಕಣ್ಣು ಬಿಟ್ಟ. ಈಗ ಕಾಲು ಗಂಟೆ ಆಯ್ತು.”

“ಮಾತಾಡಿದ್ರಾ?”

“ಒಂದೇ ಮಾತು. ಸುತ್ತ ಮುತ್ತ ನೋಡಿದ. ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ. ‘ಮೇಷ್ಟ್ರು ಹೋದ್ರಾ?’ ಅಂದ.”

ಬಿದ್ದ ಮೇಲೆ ಬಂದವರನ್ನು, ಪ್ರಜ್ಞೆ ತಪ್ಪಿ ಗೊರಗುಟ್ಟುತ್ತಿದ್ದ ಮನುಷ್ಯ ಹೇಗೆ ನೋಡಿದ?

ಅವಳು ಥಟ್ಟನೆ ತಿರುಗಿದಳು.

ಕುರ್ಚಿ ಖಾಲಿಯಾಗಿತ್ತು. ಮೇಜಿನ ಮೇಲೆ ಚಿತ್ರ ಹಾಗೇ ಬೋರಲು ಬಿದ್ದಿತ್ತು. ಓದುವ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಅವಳು ಕುಂಟುತ್ತ ಓಡಿ ಹಿಡಿ ಜಗ್ಗುವಷ್ಟರಲ್ಲಿ ಹೊರಗಿನಿಂದ ಚಿಲಕ ಬಿತ್ತು.

“ಮೇಷ್ಟ್ರೇ! ಬಾಗಿಲು ತೆಗೀರಿ!”

ದಾಪುಗಾಲಿನ ಸದ್ದು ದೂರವಾಯಿತು, ಮುಂಬಾಗಿಲು ದಢಾರನೆ ಬಡಿಯಿತು. ಅವಳು ಮತ್ತೆ ಕಿಟಕಿಗೆ ಬಂದಳು. ಸರಳಿನಾಚೆ ಬೀದಿಯಲ್ಲಿ ಮೇಷ್ಟ್ರು ಕೈಯೆತ್ತಿ ಒಂದು ಟ್ಯಾಕ್ಸಿ ನಿಲ್ಲಿಸುತ್ತಿದ್ದರು. ಸಂಜೆಯ ಬಿಸಿಲು ಅವರ ಮುಖಕ್ಕೆ ಹೊಡೆಯುತ್ತಿತ್ತು. ಒಳಗೆ ಕೂರುವ ಮೊದಲು ಡ್ರೈವರಿಗೆ ಅವರು ಹೇಳಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು:

“ದೊಡ್ಡಾಸ್ಪತ್ರೆ. ಬೇಗ.”

ಇನ್‌ಸ್ಪೆಕ್ಟರ ಫೋನ್ ಕೋರ್ಟಿನಲ್ಲಿ ಆಫ್ ಆಗಿದೆ. ಇರುವುದು ಅನುವಾದಕರ ವಾರ್ಡಿನ ಬಾಗಿಲಲ್ಲಿ ಕಾವಲಿಗೆ ಹಾಕಿದ್ದ ಒಬ್ಬ ಪೊಲೀಸಮ್ಮ ಮಾತ್ರ.

“ಕೇಳಿಸ್ತಾ ಇದೆಯಾ?” ಭೂತಗನ್ನಡಿ ಫೋನಿನೊಳಗೆ ಕೂಗಿದಳು. “ಬಾಗಿಲು ಹಾಕ್ಕೊಳ್ಳಿ! ಮೇಷ್ಟ್ರು ಅಲ್ಲಿಗೇ ಬರ್ತಿದ್ದಾರೆ! ಆ ಪೊಲೀಸಮ್ಮನ್ನ ಒಳಗೆ ಕರೆದು ಅಣ್ಣನ ಪಕ್ಕ ನಿಲ್ಲಿಸಿ!”

ಆ ಕಡೆ ಯಾವುದೋ ಯಂತ್ರ ಟಿಕ್ ಟಿಕ್ ಎನ್ನುವ ಸದ್ದು ಮಾತ್ರ.

“ಪೊಲೀಸಮ್ಮನ್ನ ಮನೆಗೆ ಕಳಿಸಿಬಿಟ್ಟೆ,” ಎಂದಳು ತಂಗಿ, ತೀರ ಸಮಾಧಾನದಿಂದ. “ಪಾಪ, ನಾಲ್ಕು ದಿನದಿಂದ ನಿದ್ದೆಯಿಲ್ಲ. ನೀವು ಗಾಬರಿಯಾಗಬೇಡಿ.”

“ಮೇಷ್ಟ್ರು ಬರ್ತಿದ್ದಾರೆ ಅಂತ ಹೇಳ್ತಿದ್ದೀನಿ!”

“ಬರಲಿ ಬಿಡಿ,” ಎಂದಳು ತಂಗಿ. “ಮೆಸೇಜ್ ಹಾಕಿ ನಾನೇ ಬರೋಕೆ ಹೇಳಿದ್ದು.”